ಹಾಸಿಗೆ ಹಿಡಿದವರ ಕಾವು

ನಮ್ಮೂರಿನ ಹೋಟೆಲುಗಳಲ್ಲಿ ಚಹಾ ಕುಡಿಯುವವರಿಗಿಂತ ಹಿಡಿದುಕೊಂಡು ಕೂರುವವರೇ ಹೆಚ್ಚು. ಬೆಳಿಗ್ಗೆ ಕಾವುಮನೆಯ ಸಾಲಿನಲ್ಲಿ ನಿಂತು, ದೊಡ್ಡ ಕಲ್ಲಿನ ಮೇಲೆ ಎರಡೂ ಅಂಗೈ ಊರಿ, ಆ ದಿನದ ಕಂದಾಯ ಕಟ್ಟಿ ಹೊರಗೆ ಬಂದವರು ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನೇರ ಎದುರಿನ ಹೋಟೆಲಿಗೆ ಹೋಗುತ್ತಾರೆ. ಅಲ್ಲಿ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದು ಆರುವ ತನಕ ಯಾರ ಜೊತೆಗೂ ಮಾತಾಡದೆ ಕೂರುತ್ತಾರೆ. ಆಮೇಲೆ ಚಹಾ ಕುಡಿದರೂ ಸರಿ, ಬಿಟ್ಟರೂ ಸರಿ. ಕ್ಷೌರಿಕ ಗಿರಾಕಿಯ ಕೆನ್ನೆ ಮುಟ್ಟುವ ಮುಂಚೆ ಕೆಂಡದ ಮೇಲೆ ಕೈ ಕಾಯಿಸಿಕೊಳ್ಳುತ್ತಾನೆ. ತಾಯಂದಿರು ಮಕ್ಕಳನ್ನು ಎತ್ತಿಕೊಳ್ಳುವಾಗ ಸೆರಗನ್ನು ಅಂಗೈಗೆ ಸುತ್ತಿಕೊಳ್ಳುತ್ತಾರೆ. ಬೆಣ್ಣೆ ಮಾರುವವರಿಗೆ ಮಾತ್ರ ಇದರಿಂದ ಒಂದಿಷ್ಟು ಅನುಕೂಲ.

ಕಲ್ಲಿಗೆ ಹೋದ ಕಾವಿನಿಂದಲೇ ಊರಿನ ಬೀದಿದೀಪಗಳು ಉರಿಯುತ್ತವೆ, ಹಿಟ್ಟಿನ ಗಿರಣಿ ತಿರುಗುತ್ತದೆ, ನೀರಿನ ಟ್ಯಾಂಕು ತುಂಬುತ್ತದೆ. ಹನ್ನೆರಡು ವರ್ಷ ತುಂಬಿದವರೆಲ್ಲ ಕಟ್ಟಬೇಕು. ಮೈಯ ಬಿಸಿ ಸಂಜೆಯ ಹೊತ್ತಿಗೆ ಅಷ್ಟಿಷ್ಟು ವಾಪಸು ಬರುತ್ತದೆ, ಆದರೆ ಕೈಗೆ ಬರುವುದಿಲ್ಲ. ಹನ್ನೆರಡಕ್ಕೆ ತಣ್ಣಗಾದ ಕೈ ಹಾಗೇ ಇರುತ್ತದೆ. ಮೊದಲಿನಿಂದಲೂ ವಿನಾಯಿತಿ ಇದ್ದದ್ದು ಒಂದೇ ಒಂದು, ಅದೂ ಯಾರೂ ಬರೆದಿಟ್ಟದ್ದಲ್ಲ. ಇನ್ನು ಏಳುವುದಿಲ್ಲ ಎಂದು ಗೊತ್ತಾಗಿ ಹಾಸಿಗೆ ಹಿಡಿದವರನ್ನು ಯಾರೂ ಕಲ್ಲಿಗೆ ಕರೆಯುತ್ತಿರಲಿಲ್ಲ. ಮಲಗಿದ ಮೂರನೆಯ ದಿನಕ್ಕೆ ಅವರ ಕೈಗೆ ಕಾವು ಮರಳುತ್ತಿತ್ತು. ಮನೆಯವರು, ಅಕ್ಕಪಕ್ಕದವರು ಸರದಿಯಲ್ಲಿ ಬಂದು ಆ ಕೈ ಹಿಡಿದು ಕೂರುತ್ತಿದ್ದರು. ಕೈ ಆರಿತು ಎಂದರೆ ಹೋದರು ಎಂದು ಅರ್ಥ. ಅಲ್ಲಿಯ ತನಕ ಬಿಡಬಾರದು. ಇದು ನಮ್ಮೂರಿನ ಪದ್ಧತಿ. ಅಲ್ಲ, ಪದ್ಧತಿಯಾಗಿತ್ತು. ಅದನ್ನು ಹಾಳು ಮಾಡಿದವನು ನಾನು. ಬೇರೆಯವರ ಮೇಲೆ ಹಾಕಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಆಗಲಿಲ್ಲ.

ನನ್ನ ಹೆಸರು ದೊರೆಸ್ವಾಮಿ. ಇಪ್ಪತ್ತೆರಡು ವರ್ಷ ನಮ್ಮ ಶಾಸಕ ಕೆಂಚಪ್ಪನವರ ಬರಹಗಾರನಾಗಿದ್ದೆ. ಅವರು ಮೊದಲು ಕಂಬಳಿ ವ್ಯಾಪಾರ ಮಾಡುತ್ತಿದ್ದವರು, ಒಳ್ಳೆಯ ಮನುಷ್ಯ, ಯಾರಾದರೂ ಕಷ್ಟ ಹೇಳಿಕೊಂಡರೆ ಅವರಿಗಿಂತ ಮೊದಲು ಅಳುತ್ತಿದ್ದರು. ಆದರೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ಸಭೆಯಲ್ಲಿ ಅವರು ಕೇಳುವ ಪ್ರಶ್ನೆ, ಓದುವ ಭಾಷಣ, ಮಂಡಿಸುವ ಮಸೂದೆ ಎಲ್ಲ ನನ್ನದೇ. ನನಗೂ ಅದರ ಕೊಬ್ಬು ಇತ್ತು. ರಾಜಧಾನಿಯಲ್ಲಿ ಯಾರಾದರೂ "ಈ ವಾಕ್ಯ ಚೆನ್ನಾಗಿದೆ" ಎಂದರೆ ವಾರವಿಡೀ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ.

ನನ್ನನ್ನು ಸಾಕಿದವಳು ನನ್ನಕ್ಕ ಜವರಮ್ಮ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಹದಿನೆಂಟಕ್ಕೆ ಮದುವೆಯಾಗಿ ಹೋದಳು, ಹತ್ತೊಂಬತ್ತಕ್ಕೆ ಬರಿಗೈಯಲ್ಲಿ ವಾಪಸು ಬಂದಳು. ಹೆಣ್ಣು ಕೂಸು ಹುಟ್ಟಿತ್ತು. ಹೆತ್ತ ಐದನೆಯ ದಿನಕ್ಕೇ ಅವಳನ್ನು ಕಲ್ಲಿಗೆ ಕರೆದಿದ್ದರು. ಅವಳ ತಣ್ಣನೆಯ ಕೈ ಸೋಕಿದರೆ ಕೂಸು ಚೀರುತ್ತಿತ್ತಂತೆ, ತಣ್ಣನೆಯ ಎದೆಗೆ ಬಾಯಿ ಹಾಕುತ್ತಲೇ ಇರಲಿಲ್ಲವಂತೆ. ಹತ್ತೊಂಬತ್ತು ದಿನ ಇತ್ತು. ಗಂಡನ ಮನೆಯವರು ಇವಳ ಕಾಲ್ಗುಣ ಎಂದು ಕಳಿಸಿಬಿಟ್ಟರು. ಅದೇ ವರ್ಷ ನಮ್ಮವ್ವ ಹಾಸಿಗೆ ಹಿಡಿದಳು. ನನಗೆ ಐದು ವರ್ಷ. ಅವ್ವನ ಒಂದು ಕೈಯನ್ನು ಅಕ್ಕ ಹಿಡಿದಿದ್ದಳು, ಇನ್ನೊಂದನ್ನು ನನಗೆ ಕೊಟ್ಟು, "ಆರೋ ಗಂಟ ಬುಡ್ಬೇಡ ಕಣ್ಲಾ ದೊರೆ" ಎಂದಿದ್ದಳು. ದೊಡ್ಡವರದ್ದೆಂದು ನಾನು ಮುಟ್ಟಿದ ಮೊದಲ ಬಿಸಿ ಕೈ ಅದು. ಹನ್ನೆರಡು ತುಂಬಿದಾಗ ನಾನು ಕಾಯಿಲೆಯ ಹುಡುಗ, ಕಲ್ಲಿನ ಮುಂದೆ ನಿಂತರೆ ತಲೆ ಸುತ್ತಿ ಬೀಳುತ್ತಿದ್ದೆ. ಎರಡು ವರ್ಷ ನನ್ನ ಪಾಲನ್ನೂ ಅಕ್ಕನೇ ಕಟ್ಟಿದಳು. ಅದಾದ ಮೇಲೆ ಅವಳ ಉಗುರುಗಳಲ್ಲಿ ಇದ್ದ ಅಷ್ಟಿಷ್ಟು ಬಣ್ಣವೂ ಹೋಯಿತು.

ಅಕ್ಕ ನನ್ನಿಂದ ಏನನ್ನೂ ಕೇಳಿದವಳಲ್ಲ. ಒಂದು ಸಲ ಕೇಳಿದಳು. ನಮ್ಮ ಪಕ್ಕದ ಮನೆಯ ಗಾಡಿ ಹೊಡೆಯುವವನ ಹೆಂಡತಿ ಚೆಲುವಿಯ ಚೊಚ್ಚಲ ಕೂಸು ಹೋದ ದಿನ ಅದು. ಅಲ್ಲಿಂದ ಬಂದವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಮುಂದೆ ಕೂತಳು. "ನೀನು ಬರ್ದಿದ್ದೆಲ್ಲ ಕಾನೂನಾಯ್ತದೆ ಅಂತಾರಲ್ಲ ದೊರೆ, ಬಾಣಂತೀರ್ನ ಕಲ್ಲಿಗೆ ಕರೀಬೇಡಿ ಅಂತ ಒಂದು ಬರ್ದ್ಬುಡು. ಒಂದು ವರ್ಸ. ಕೂಸು ಅನ್ನ ತಿನ್ನೋ ಗಂಟ. ಅಷ್ಟೆಯ" ಎಂದಳು. ನಾನು ಮಾರನೆಯ ದಿನ ಕೆಂಚಪ್ಪನವರಿಗೆ ಹೇಳಿದೆ. ಅವರು ಕಣ್ಣೀರು ಹಾಕಿಕೊಂಡು, "ಬರಿಯಪ್ಪ, ಈಗ್ಲೇ ಬರಿ, ಇದ್ಕೋಸ್ಕರ ಸೀಟು ಹೋದ್ರೂ ಹೋಗ್ಲಿ" ಎಂದರು.

ಮೊದಲು ಬರೆದದ್ದು ಚೆನ್ನಾಗಿಯೇ ಇತ್ತು. ಅದರಲ್ಲಿ ಎರಡು ಭಾಗ. ಒಂದು, ಬಾಣಂತಿಯರಿಗೆ ಒಂದು ವರ್ಷ ಕಂದಾಯದ ವಿನಾಯಿತಿ. ಎರಡನೆಯದು ಇಂಧನದ ನೀತಿ: ಊರಾಚೆಯ ಬೋಳುಗುಡ್ಡದ ಮೇಲೆ ಗಾಜಿನ ಫಲಕಗಳನ್ನು ನಿಲ್ಲಿಸಿ ಬಿಸಿಲನ್ನು ಹಿಡಿದು ಕಲ್ಲಿಗೆ ಹಾಯಿಸುವುದು. ನಮ್ಮಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ನೆತ್ತಿ ಸುಡುವ ಬಿಸಿಲು. ಆ ಬಿಸಿಲಿನಲ್ಲೇ ನಾವು ಕೈ ಮರಗಟ್ಟಿಸಿಕೊಂಡು ಓಡಾಡುತ್ತೇವೆ. ಇದು ಯಾರಿಗೂ ಹೊಳೆಯದ ವಿಚಾರವೇನಲ್ಲ. ರಾಜಧಾನಿಯ ಸಮಿತಿಯವರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಗಾಜಿನ ವಿಚಾರ ತುಂಬ ಒಳ್ಳೆಯದು, ಅದರ ಅಧ್ಯಯನಕ್ಕೆ ಹತ್ತು ವರ್ಷ ಬೇಕು ಎಂದರು. ಬಾಣಂತಿಯರ ವಿಚಾರವೂ ಒಳ್ಳೆಯದೇ, ಆದರೆ ಅವರು ಬಿಟ್ಟ ಕಾವಿಗೆ ಬದಲು ಕಾವು ಎಲ್ಲಿಂದ ತರುತ್ತೀರಿ ಎಂದರು. ಕೆಂಚಪ್ಪನವರು ನನ್ನ ಮುಖ ನೋಡಿದರು. "ನಾಳೆ ಬೆಳಿಗ್ಗೆ ಹೇಳ್ತೀವಿ" ಎಂದೆ ನಾನು.

ವಸತಿಗೃಹದ ಮೇಜಿನ ಮುಂದೆ ಕೂತು ಯೋಚಿಸಿದೆ. ಎಲ್ಲಿ ಕಾವಿದೆ, ಯಾರೂ ಕಟ್ಟದ ಕಾವು ಎಲ್ಲಿದೆ? ಮಕ್ಕಳಲ್ಲಿ ಇದೆ, ಅದನ್ನು ಮುಟ್ಟುವ ಹಾಗಿಲ್ಲ. ಆಗ ಹೊಳೆಯಿತು. ಹೊಳೆದಾಗ ನನಗೆ ಖುಷಿಯಾಯಿತು, ಇದನ್ನು ಮುಚ್ಚಿಡುವುದಿಲ್ಲ. "ಹಾಸಿಗೆ ಹಿಡಿದವರ ಮೈಯಲ್ಲಿ ಉಳಿದು ಪೋಲಾಗುವ ಕಾವು" ಎಂದು ಬರೆದೆ. ಪೋಲಾಗುವ ಎಂಬ ಮಾತನ್ನು ಎರಡು ಸಲ ಓದಿ ನೋಡಿ ಮೆಚ್ಚಿಕೊಂಡೆ. ಅವ್ವನ ಕೈ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ, ಆಗಲಿಲ್ಲ. ನನ್ನ ಮನಸ್ಸಿನಲ್ಲಿ ಅದು ಅವ್ವ ಆಗಿತ್ತು, ಕಾವು ಆಗಿರಲಿಲ್ಲ.

ಅದು ಮಸೂದೆಯ ಏಳನೆಯ ಕಲಮಾಯಿತು. ಒಂದು ಕೇರಿಯಲ್ಲಿ ಹಾಸಿಗೆ ಹಿಡಿದವರು ಇದ್ದರೆ, ಅವರ ಕಾವು ಕಲ್ಲಿಗೆ ಬರುವಷ್ಟು ದಿನ ಆ ಕೇರಿಯ ಬಾಣಂತಿಗೆ ಬಿಡುವು. ಇಲ್ಲದಿದ್ದರೆ ಇಲ್ಲ. ಸಮಿತಿಯವರು ಕೇಳಿದರು: ಜನ ಮುಚ್ಚಿಟ್ಟರೆ? ಅದಕ್ಕೂ ನಾನೇ ಹನ್ನೊಂದನೆಯ ಕಲಮು ಬರೆದುಕೊಟ್ಟೆ. ಮುಚ್ಚಿಟ್ಟದ್ದು ಗೊತ್ತಾದರೆ ಆ ಕೇರಿಗೆ ಒಂದು ತಿಂಗಳು ಪೂರ್ತಿ ವಿನಾಯಿತಿ ರದ್ದು. ನೆರೆಹೊರೆಯವರೇ ಒಬ್ಬರ ಮೇಲೊಬ್ಬರು ಕಣ್ಣಿಡುತ್ತಾರೆ, ಸರಕಾರಕ್ಕೆ ಕಾವಲಿನ ಖರ್ಚಿಲ್ಲ ಎಂದು ವಿವರಿಸಿದೆ. ಸಮಿತಿಯ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿದರು. ಗಾಜಿನ ಫಲಕದ ಭಾಗವನ್ನು ತೆಗೆದುಹಾಕಿ ಉಳಿದದ್ದನ್ನು ಒಪ್ಪಿದರು.

ಊರಿಗೆ ಬಂದು ಅಕ್ಕನಿಗೆ ಓದಿ ಹೇಳಿದೆ. ಮೊದಲನೆಯ ಕಲಮು ಮಾತ್ರ ಓದಿದೆ. ಅವಳು ಮತ್ತೆ ಓದಿಸಿದಳು. ಒಳಗೆ ಹೋಗಿ ಗಸಗಸೆ ಪಾಯಸ ಮಾಡಿದಳು, ಓಣಿಯವರಿಗೆಲ್ಲ ಲೋಟದಲ್ಲಿ ಹಂಚಿದಳು. "ನನ್ತಮ್ಮ ಬರ್ದಿರೋದು, ನನ್ತಮ್ಮ" ಎಂದು ಮನೆಮನೆಗೆ ಹೇಳಿಕೊಂಡು ಬಂದಳು. ನಾನು ಪಾಯಸ ಕುಡಿದು ಮಲಗಿದೆ.

ಕಾನೂನು ಬಂದು ಒಂದು ತಿಂಗಳಿಗೆ ಕಾವುಮನೆಯವರು ಕೈಗಾಡಿಯಲ್ಲಿ ಮರಿಗಲ್ಲುಗಳನ್ನು ಇಟ್ಟುಕೊಂಡು ಮನೆಗಳಿಗೆ ಬರಲು ಶುರು ಮಾಡಿದರು. ಮರಿಗಲ್ಲು ಎಂದರೆ ರಾಗಿಕಲ್ಲಿನಷ್ಟು ದೊಡ್ಡದು. ಹಾಸಿಗೆಯ ಪಕ್ಕದಲ್ಲಿಟ್ಟು, ಮಲಗಿದವರ ಬಲ ಅಂಗೈಯನ್ನು ಅದರ ಮೇಲಿರಿಸಿ ಬಟ್ಟೆಯಲ್ಲಿ ಕಟ್ಟುತ್ತಾರೆ. ದೊಡ್ಡ ಕಲ್ಲಿನ ಹಾಗೆ ಕಾವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಅದರ ತಂತಿಯನ್ನು ಮನೆ ಮುಂದಿನ ಕಂಬಕ್ಕೆ ಕೊಡುತ್ತಾರೆ, ಹೆಚ್ಚಾದ ಕಾವು ಹರಿದು ಅಲ್ಲಿನ ದೀಪ ಹಗಲಿನಲ್ಲೂ ಉರಿಯುತ್ತದೆ. ಮಟಮಟ ಮಧ್ಯಾಹ್ನ ಯಾವುದಾದರೂ ಕಂಬದಲ್ಲಿ ದೀಪ ಕಂಡರೆ, ಆ ಮನೆಯಲ್ಲಿ ಯಾರೋ ಹೋಗುತ್ತಿದ್ದಾರೆ ಎಂದು ತಿಳಿಯುವುದನ್ನು ಜನ ಬೇಗ ಕಲಿತರು. ದೀಪ ಆರಿದರೆ ಪಕ್ಕದ ಮನೆಯವರು ಒಲೆ ಆರಿಸಿ, ತಲೆಯ ಮೇಲೆ ಸೆರಗು ಹೊದ್ದು ಹೊರಡುತ್ತಿದ್ದರು. ಯಾರೂ ಹೇಳಿ ಕಳಿಸಬೇಕಾಗಿರಲಿಲ್ಲ.

ಇನ್ನೂ ಒಂದು ಕಲಿತರು. ಬಸುರಿಯರಿರುವ ಮನೆಯವರು ಓಣಿಯ ಮುದುಕರ ಆರೋಗ್ಯ ವಿಚಾರಿಸತೊಡಗಿದರು. ಕೈಯಲ್ಲಿ ಬಾಳೆಹಣ್ಣು ಹಿಡಿದು ಹೋಗಿ, "ಹೆಂಗಿದ್ದೀರಜ್ಜ, ಕೆಮ್ಮು ಕಮ್ಮಿ ಆಯ್ತಾ?" ಎಂದು ಕೇಳುವರು. ಕಮ್ಮಿಯಾಯಿತು ಎಂದರೆ ಅವರ ಮುಖ ಸಣ್ಣಗಾಗುವುದು. ಮುದುಕರೂ ದಡ್ಡರಲ್ಲ. ಕೆಲವರು ಬಸುರಿಯರನ್ನು ಕಂಡರೆ ಬೇಕೆಂದೇ ಕೋಲು ಬಿಸಾಕಿ ಚುರುಕಾಗಿ ನಡೆಯುತ್ತಿದ್ದರು. ಇನ್ನು ಕೆಲವರು ಜಗಲಿಯ ಮೇಲೆ ಕೂತು, "ಯಾವ ತಿಂಗ್ಳು ತಾಯಿ ನಿಂಗೆ?" ಎಂದು ಕೇಳಿ ಬೆರಳು ಮಡಚುತ್ತಿದ್ದರು. ಜನ ನಗುತ್ತಿದ್ದರು. ನಾನೂ ಒಂದೆರಡು ಸಲ ನಕ್ಕಿದ್ದೇನೆ.

ನಮ್ಮ ಓಣಿಗೆ ಮೊದಲ ಮರಿಗಲ್ಲು ಬಂದದ್ದು ಮೂಲೆಮನೆಯ ದರ್ಜಿಯ ತಾಯಿಗೆ. ಅಕ್ಕ ಎಂದಿನಂತೆ ಕೈ ಹಿಡಿದು ಕೂರಲು ಹೋದವಳು ಅರ್ಧ ಗಂಟೆಯಲ್ಲಿ ವಾಪಸು ಬಂದಳು. ನಾನು ಊಟಕ್ಕೆ ಕೂತಿದ್ದೆ. "ಇದ್ನೂ ನೀನೇ ಬರೆದ್ಯಾ?" ಎಂದಳು. "ಹೂಂ" ಎಂದೆ. ಬಾಣಂತಿಯರನ್ನು ಬಿಡಿಸಬೇಕಾದರೆ ಬೇರೆ ದಾರಿ ಇರಲಿಲ್ಲ ಎಂದು ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, ಸಾರು ಬಡಿಸಿ, ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇಷ್ಟಾದರೂ ಕಾನೂನಿನಿಂದ ಕೂಸುಗಳು ಉಳಿದದ್ದು ನಿಜ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆ ವರ್ಷ ನಮ್ಮೂರಲ್ಲಿ ಹೋದ ಕೂಸುಗಳು ಹಿಂದಿನ ವರ್ಷದ ಅರ್ಧದಷ್ಟೂ ಇರಲಿಲ್ಲ. ಚೆಲುವಿ ಮತ್ತೆ ಬಸುರಾದಳು, ಹೆಣ್ಣು ಹೆತ್ತಳು. ಆಗ ಓಣಿಯ ಸಿದ್ದಜ್ಜ ಹಾಸಿಗೆ ಹಿಡಿದಿದ್ದ. ಅವನು ಇಪ್ಪತ್ತು ದಿನ ಎಳೆದ. ಆ ಇಪ್ಪತ್ತು ದಿನ ಚೆಲುವಿಯ ಕೂಸು ಚಪ್ಪರಿಸಿಕೊಂಡು ಹಾಲು ಕುಡಿದು ಗುಂಡಗಾಯಿತು. ಅಕ್ಕ ದಿನಕ್ಕೆ ಎರಡು ಸಲ ಹೋಗಿ ನೋಡಿ ಬರುತ್ತಿದ್ದಳು. ಮುಟ್ಟುತ್ತಿರಲಿಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿ ನೋಡುತ್ತಿದ್ದಳು.

ಸಿದ್ದಜ್ಜ ಹೋದ ಮಾರನೆಯ ದಿನವೇ ಅಕ್ಕ ಬಚ್ಚಲಿನಲ್ಲಿ ಕುಸಿದಳು. ತಿಂಗಳಿಂದ ಇದ್ದ ಕೆಮ್ಮು ಎದೆಗೆ ಇಳಿದಿತ್ತು. ಪಂಡಿತರು ಬಂದು ನಾಡಿ ಹಿಡಿದು, ನನ್ನನ್ನು ಹೊರಗೆ ಕರೆದು, "ಇನ್ನು ಒಂದು ವಾರ ಕಣಪ್ಪ" ಎಂದರು. ನಾನು ಅವರ ಕಾಲು ಹಿಡಿದುಕೊಂಡು, ಕಾವುಮನೆಗೆ ಹೇಳಬೇಡಿ ಎಂದೆ. ಅವರು ಕಾಲು ಬಿಡಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದರು. ಒಳಗೆ ಬಂದರೆ ಅಕ್ಕ ಕಣ್ಣು ಬಿಟ್ಟುಕೊಂಡಿದ್ದಳು. "ನಂಗೇನೂ ಬ್ಯಾಡ ದೊರೆ. ನನ್ನ ಕೈ ನೀನು ಹಿಡ್ಕೊ, ಆರೋ ಗಂಟ. ಅವ್ವುಂಗೆ ಹಿಡ್ದಿರ್ಲಿಲ್ವಾ ಹಂಗೆ" ಎಂದಳು. "ಕಲ್ಲು ಬರಾಕಿಲ್ಲ ಅಲ್ವಾ?" ಎಂದಳು. "ಇಲ್ಲ ಕಣಕ್ಕ, ಶಾಸಕರಿಗೆ ಹೇಳಿ ಬಿಡಿಸ್ಕೊಂಡಿದೀನಿ" ಎಂದೆ. ಚೆಲುವಿಯ ಪಾಲು ಏನಾಗುತ್ತದೆ ಎಂದು ಅವಳು ಆಗ ಕೇಳಲಿಲ್ಲ. ಸುಸ್ತಾಗಿದ್ದಳು.

ಕೆಂಚಪ್ಪನವರ ಮನೆಗೆ ಹೋಗಿ ರಜೆ ಕೇಳಿದೆ. ಅಕ್ಕನಿಗೆ ಹುಷಾರಿಲ್ಲ ಎಂದಷ್ಟೇ ಹೇಳಿದೆ. ಅವರು ನನ್ನ ಮುಖ ನೋಡಿದರು. "ನಾನೇನೂ ಕೇಳಿಲ್ಲ, ನೀನೇನೂ ಹೇಳಿಲ್ಲ. ಹೋಗು" ಎಂದು ಒಂದು ಹೊಸ ಕಂಬಳಿ ಕೊಟ್ಟು ಕಳಿಸಿದರು.

ಮೂರನೆಯ ದಿನ ಅವಳ ಕೈಗೆ ಕಾವು ಬಂತು. ಮೊದಲು ಅಂಗೈ ನಡುವೆ ಒಂದು ರೂಪಾಯಿಯಗಲ, ಆಮೇಲೆ ಬೆರಳುಗಳಿಗೆ, ಮಧ್ಯಾಹ್ನದ ಹೊತ್ತಿಗೆ ಉಗುರಿನ ತನಕ. ಆ ಉಗುರುಗಳು ಕೆಂಪಾದದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದೆ. ನಾನು ಹುಟ್ಟುವ ಹೊತ್ತಿಗಾಗಲೇ ಅಕ್ಕ ಎರಡು ವರ್ಷದಿಂದ ಕಂದಾಯ ಕಟ್ಟುತ್ತಿದ್ದಳು. ನನ್ನನ್ನು ಸ್ನಾನ ಮಾಡಿಸಿದ್ದು, ಉಣ್ಣಿಸಿದ್ದು, ಜ್ವರದಲ್ಲಿ ಹಣೆ ಮುಟ್ಟಿ ನೋಡಿದ್ದು ಎಲ್ಲ ಆ ತಣ್ಣನೆಯ ಕೈಯಿಂದ. ಈಗ ಅವಳು ಆ ಬಿಸಿ ಕೈಯನ್ನು ಎತ್ತಿ ನನ್ನ ಕೆನ್ನೆಯ ಮೇಲಿಟ್ಟಳು. ಐವತ್ತು ದಾಟಿದ ನಾನು ಹೋ ಎಂದು ಅತ್ತುಬಿಟ್ಟೆ. "ಅಯ್ಯೋ ಮಂಕೆ, ಸುಮ್ಕಿರು, ಓಣಿಗೆಲ್ಲ ಕೇಳ್ತದೆ" ಎಂದು ನಕ್ಕಳು.

ಓಣಿಗೆ ಕೇಳುವ ಹಾಗಿದ್ದರೆ ಓಣಿಯದೂ ನಮಗೆ ಕೇಳಬೇಕಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಕೂಸು ಚೀರತೊಡಗಿತು. ಹಸಿವಿನ ಅಳು ಬೇರೆ, ಇದು ಬೇರೆ. ಮೈ ಚುರುಕ್ಕೆಂದರೆ ಅಳುವ ಅಳು. ಅಕ್ಕ ತಲೆ ಎತ್ತಿದಳು. "ಅದ್ಯಾಕ್ಲಾ ಕೂಸು ಹಂಗ್ ಕಿರುಚ್ತಾದೆ?" ಎಂದಳು. "ಹೊಟ್ಟೆನೋವಿರ್ಬೇಕು" ಎಂದೆ. ಅವಳು ಗೋಡೆಗೆ ಕಿವಿ ಕೊಟ್ಟು ಬಹಳ ಹೊತ್ತು ಕೇಳಿದಳು. ನಲವತ್ತೈದು ವರ್ಷಕ್ಕೂ ಹಿಂದೆ ಹತ್ತೊಂಬತ್ತು ದಿನ ಕೇಳಿದ ಅಳು ಅದು, ಅವಳಿಗೆ ಸುಳ್ಳು ಹೇಳುವುದು ಹೇಗೆ? "ಚೆಲುವೀನ ಕಲ್ಲಿಗೆ ಕರ್ದವ್ರೆ" ಎಂದಳು. ಸಿದ್ದಜ್ಜನ ಲೆಕ್ಕ ಮುಗಿಸಿ ಅವಳಿಗೆ ಕರೆ ಕಳಿಸಲು ಕಾವುಮನೆಯವರಿಗೆ ಮೂರು ನಾಲ್ಕು ದಿನ ಹಿಡಿದಿತ್ತು. "ನಿಮ್ ಸಾಸಕ್ರು ಬಿಡ್ಸವ್ರೆ ಅಂದ್ಯಲ್ಲ, ಅವರು ಬಿಡ್ಸಿಲ್ಲ. ನೀನು ಮುಚ್ಚಿಟ್ಟಿದ್ದೀಯ." ಅವಳು ತನ್ನ ಬಿಸಿ ಕೈಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. "ಹೋಗು, ಹೇಳ್ಬುಟ್ ಬಾ. ಕಲ್ಲು ತರ್ಲಿ."

ಆಗುವುದಿಲ್ಲ ಎಂದೆ. ಕೈ ಮುಗಿದೆ. ಇನ್ನು ಮೂರು ನಾಲ್ಕು ದಿನದ ಮಾತು, ಚೆಲುವಿ ಹೇಗಾದರೂ ತಡೆದುಕೊಳ್ಳುತ್ತಾಳೆ ಎಂದೆ. ಆ ಮಾತು ನನ್ನ ಬಾಯಿಂದ ಬಂತು. ಅಕ್ಕ ಹಾಸಿಗೆಯಿಂದ ಏಳಲು ನೋಡಿದಳು. "ನೀನು ಹೋಗ್ದಿದ್ರೆ ನಾನೇ ತೆವಳ್ಕೊಂಡು ಹೋಯ್ತೀನಿ" ಎಂದಳು. ಮೊಣಕೈ ಊರಿ ಅರ್ಧ ಎದ್ದು ಕೆಮ್ಮಿ ಬಿದ್ದಳು. ನಾನು ಹೋದೆ.

ಕಾವುಮನೆಯ ಗುಮಾಸ್ತ ಈರಯ್ಯ ನನಗೆ ಇಪ್ಪತ್ತು ವರ್ಷದ ಪರಿಚಯ. ಎಂದಿನಿಂದ ಮಲಗಿದ್ದಾರೆ ಎಂದು ಕೇಳಿದ. ಸುಳ್ಳು ಹೇಳಬಹುದಿತ್ತು, ಇವತ್ತು ಬೆಳಿಗ್ಗೆಯಿಂದ ಎನ್ನಬಹುದಿತ್ತು. ಆದರೆ ಅಷ್ಟರಲ್ಲಿ ನನಗೆ ಸುಳ್ಳು ಸಾಕಾಗಿತ್ತು. ನಾಲ್ಕು ದಿನ ಎಂದೆ. ಅವನು ಬರೆದುಕೊಂಡ. ಒಂದು ಗಂಟೆಯೊಳಗೆ ಕೈಗಾಡಿ ನಮ್ಮ ಮನೆ ಮುಂದೆ ನಿಂತಿತು. ಅಕ್ಕ ತಾನಾಗಿಯೇ ಬಲಗೈ ಚಾಚಿದಳು. ಈರಯ್ಯ ಬಟ್ಟೆ ಕಟ್ಟಿದ. ಕಲ್ಲು ಒಂದು ಕೈಯಿಂದ ಎಳೆದರೂ ಕಾವು ಇಡೀ ಮೈಯಿಂದ ಹೋಗುತ್ತದೆ. ನಾನು ಅವಳ ಎಡಗೈ ಹಿಡಿದು ಕೂತೆ. ನನ್ನ ಕೈಯಲ್ಲೇ ಅದು ಉಗುರಿನಿಂದ ಶುರುವಾಗಿ ಬೆರಳು, ಅಂಗೈ, ಮಣಿಕಟ್ಟಿನ ತನಕ ತಣ್ಣಗಾಗುತ್ತ ಬಂತು. ಹೊರಗೆ ಯಾರೋ, "ಜವ್ರಕ್ಕನ ಮನೆ ದೀಪ ಹತ್ಕಂತು" ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡು, "ಹೋಯ್ತಲ್ಲ, ಇನ್ನು ಕುಡೀತದೆ" ಎಂದಳು.

ಮಾರನೆಯ ದಿನ ಬೆಳಿಗ್ಗೆ ಈರಯ್ಯ ಒಂದು ಕಾಗದ ತಂದು ಕೊಟ್ಟ. ಅವನ ಮುಖ ನೆಲ ನೋಡುತ್ತಿತ್ತು. "ಅಣ್ಣಾ, ನಾನು ತಡೀಬೌದಿತ್ತು, ಆದ್ರೆ ಬರ್ದಾಗಿತ್ತು. ನಿಮ್ದೇ ಕಲಮು" ಎಂದ. ಹನ್ನೊಂದನೆಯ ಕಲಮು. ಮುಚ್ಚಿಟ್ಟ ಕಾರಣಕ್ಕೆ ನಮ್ಮ ಕೇರಿಗೆ ಒಂದು ತಿಂಗಳು ವಿನಾಯಿತಿ ಇಲ್ಲ. ನಾನು ಬರೆದ ಸಾಲು, ಬೆನ್ನು ತಟ್ಟಿಸಿಕೊಂಡ ಸಾಲು, ನನಗೇ ಮರೆತುಹೋಗಿತ್ತು. ಚೆಲುವಿ ದಿನಾ ಹೋಗಿ ಕಟ್ಟಬೇಕು. ಹಾಗಾದರೆ ಅಕ್ಕನ ಕೈಯಿಂದಾದರೂ ಕಲ್ಲು ಬಿಚ್ಚಿ ಎಂದೆ. ಒಮ್ಮೆ ಕಟ್ಟಿದ ಮೇಲೆ ಮುಗಿಯುವ ತನಕ ಬಿಚ್ಚುವ ಹಾಗಿಲ್ಲ ಎಂದ. ಅದು ಒಂಬತ್ತನೆಯ ಕಲಮು.

ಓಡಿಹೋಗಿ ಕೆಂಚಪ್ಪನವರ ಮುಂದೆ ನಿಂತೆ. ಅವರು ಕಾಗದ ಓದಿ ಎರಡೂ ಕಣ್ಣು ಒರೆಸಿಕೊಂಡರು. "ನನ್ ಕೈಲಿ ಏನದೆ ದೊರೆಸ್ವಾಮಿ? ಇವತ್ತು ನಿನ್ನ ಕೇರೀಗೆ ಬಿಟ್ರೆ ನಾಳೆ ಎಲ್ಲರೂ ಬಂದು ನಿಂತ್ಕೊಳಲ್ವಾ? ಹಂಗ್ ಬಿಡೋ ಹಂಗಿಲ್ಲ ಅಂತ ನೀನೇ ಬರ್ದಿದ್ದೀಯಲ್ಲಪ್ಪ" ಎಂದರು. ಅವರ ಮೇಲೆ ಕೋಪ ಬರಲಿ ಎಂದು ಕಾದೆ, ಬರಲಿಲ್ಲ. ದಾರಿಯುದ್ದಕ್ಕೂ ಬಿಸಿಲು ಸುರಿಯುತ್ತಿತ್ತು. ಬೋಳುಗುಡ್ಡದ ಬಂಡೆಗಳು ಬರಿಗಾಲು ಇಡಲಾರದಷ್ಟು ಕಾದಿದ್ದವು. ನಮ್ಮ ಮನೆ ಮುಂದಿನ ಕಂಬದಲ್ಲಿ ಅಕ್ಕನ ದೀಪ, ಯಾರಿಗೂ ಬೇಡವಾಗಿ, ಆ ಬಿಸಿಲಿನಲ್ಲಿ ಉರಿಯುತ್ತಿತ್ತು.

ಒಳಗೆ ಹೋಗಿ ಎಡಗೈ ಹಿಡಿದು ಕೂತೆ. ಗೋಡೆಯಾಚೆ ಕೂಸು ಅಳುತ್ತಿತ್ತು. ಅಕ್ಕನ ಕಿವಿ ಆಗಲೇ ಮಂಕಾಗಿತ್ತೇನೋ, ಅಥವಾ ಕೇಳಿಸಿಯೂ ನಂಬಲು ಮನಸ್ಸಿರಲಿಲ್ಲವೇನೋ. ತುಟಿಯಲ್ಲೇ, "ಕುಡೀತಾ?" ಎಂದು ಕೇಳಿದಳು. "ಕುಡೀತು ಕಣಕ್ಕ, ಹೊಟ್ಟೆ ತುಂಬ ಕುಡೀತು" ಎಂದೆ. ಅವಳ ಮುಖ ಸಡಿಲವಾಯಿತು. ಆಮೇಲೆ ಅವಳು ಮಾತಾಡಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಬಿಸಿಲಿನ ಝಳಕ್ಕೆ ಬಾಗಿಲು, ಕಿಟಕಿ ಎರಡನ್ನೂ ಮುಂದೆ ಮಾಡಿದ್ದೆ. ಹಿಡಿದ ಕೈ ತಣ್ಣಗಿತ್ತು, ನನ್ನ ಕೈಯೂ ತಣ್ಣಗಿತ್ತು. ಹಿಡಿದು ಕೂರುವವನಿಗೆ ತಿಳಿಯಬೇಕಾದದ್ದು ಒಂದೇ ಒಂದು, ಅದು ತಿಳಿಯುವ ದಾರಿ ಇರಲಿಲ್ಲ. ಎದೆಯ ಏರಿಳಿತ ನೋಡೋಣವೆಂದರೆ ಹೊಸ ಕಂಬಳಿ ದಪ್ಪ. ಉಸಿರು ಕೇಳೋಣವೆಂದರೆ ಕೂಸಿನ ಅಳು. ಆಮೇಲೆ ಕೂಸು ಅತ್ತು ಅತ್ತು ನಿಂತಿತು. ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನನಗೆ ತಡೆಯಲಾಗಲಿಲ್ಲ. ಬಾಗಿ ಅವಳ ಕಿವಿಯಲ್ಲಿ ಎಲ್ಲ ಹೇಳಿಬಿಟ್ಟೆ. ಅಕ್ಕ, ಕೂಸು ಕುಡೀಲಿಲ್ಲ ಕಣಕ್ಕ. ಚೆಲುವೀನ ಬಿಡ್ಲಿಲ್ಲ. ನಿನ್ ಕಾವು ಸುಮ್ನೆ ಹೋಯ್ತು. ನಾನು ಮುಚ್ಚಿಟ್ಟಿದ್ಕೆ ಹಿಂಗಾಯ್ತು. ಅದ್ನೂ ನಾನೇ ಬರ್ದಿದ್ದು. ಬೈಯಿ ನನ್ನ, ಒಂದ್ಸಲ ಬೈಯಿ. ಹೀಗೇ ಏನೇನೋ ಹೇಳಿದೆ. ಕೈಯನ್ನು ಒತ್ತಿದೆ. ಅವಳು ತಿರುಗಿ ಒತ್ತಲಿಲ್ಲ. ಕೋಪ ಬಂದಿದೆ ಎಂದುಕೊಂಡೆ. ದರ್ಜಿಯ ತಾಯಿಯ ಮನೆಯಿಂದ ಬಂದ ದಿನದ ಹಾಗೆ ಮಾತು ಬಿಟ್ಟಿದ್ದಾಳೆ ಎಂದುಕೊಂಡೆ. ಕ್ಷಮಿಸು ಅಕ್ಕ ಎಂದು ಮತ್ತೆ ಮತ್ತೆ ಕೇಳುತ್ತ ಕೂತೆ.

ಬಾಗಿಲು ಸರಿಯಿತು. ಚೆಲುವಿ ನಿಂತಿದ್ದಳು. ತಲೆಯ ಮೇಲೆ ಸೆರಗು ಹೊದ್ದಿದ್ದಳು. ಎರಡೂ ಕೈಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಅವಳ ಹಿಂದೆ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. "ಅಣ್ಣಾ, ಯಾಕೆ ಇನ್ನೂ ಹಿಡ್ಕೊಂಡ್ ಕೂತಿದ್ದೀರ? ದೀಪ ಆರಿ ಬಾಳ ಹೊತ್ತಾಯ್ತು" ಎಂದಳು.

"ಎಷ್ಟು ಹೊತ್ತಾಯ್ತವ್ವ?" ಎಂದು ಕೇಳಿದೆ.

ಅವಳು ನೆನಪು ಮಾಡಿಕೊಂಡಳು. "ಕೂಸು ಇನ್ನೂ ಅಳ್ತಿತ್ತು. ಕಿಟಕೀಲಿ ನೋಡ್ದೆ, ಕಂಬದಲ್ಲಿ ದೀಪ ಇರ್ಲಿಲ್ಲ. ಆಗ್ಲೇ ಬರ್ಬೇಕಿತ್ತು ಅಣ್ಣಾ, ಕೂಸು ಮಲಗ್ಲಿ ಅಂತ ಕಾದೆ" ಎಂದಳು.